ಕಟ್ಟಿದ ಕಂದಾಯ ವಾಪಸ್ ಕೇಳಬಹುದಾ?

ನಮ್ಮಪ್ಪ ಮನೆ ಕಂದಾಯದ ರಸೀದಿಗಳನ್ನೆಲ್ಲ ಒಂದು ಕೊಕ್ಕೆ ತಂತಿಗೆ ಚುಚ್ಚಿ ಇಡುತ್ತಿದ್ದರು. ಅಡುಗೆಮನೆ ಬಾಗಿಲ ಹಿಂದೆ, ಮೊಳೆಗೆ ನೇತುಹಾಕಿದ ತಂತಿ. ಕೆಳಗಿನ ರಸೀದಿಗಳು ಹಳದಿ ತಿರುಗಿವೆ, ತೂತಿನ ಸುತ್ತ ತುಕ್ಕಿನ ಬಣ್ಣ ಹತ್ತಿದೆ. ಅಪ್ಪ ಹೋದ ಮೇಲೆ ಆ ತಂತಿಯನ್ನು ಹಾಗೇ ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ತಂದೆ.

ಹಳೇ ಮನೆ ಇರುವ ಊರಿನ ಹೆಸರು ಇಲ್ಲಿ ಬೇಡ. ಹೋದ ವರ್ಷ ಏಪ್ರಿಲ್‌ನಲ್ಲಿ, ಶೇ 5 ರಿಯಾಯಿತಿ ಇರುವಾಗಲೇ ಹೋಗಿ ಇಡೀ ವರ್ಷದ ಕಂದಾಯ ಕಟ್ಟಿ ಬಂದೆ. ಏಳು ತಿಂಗಳಾದ ಮೇಲೆ ಒಂದು ಚೀಟಿ ಬಂತು. ದರ ಪರಿಷ್ಕರಣೆ ಆಗಿದೆ, ಹಿಂದಿನ ವರ್ಷದಿಂದಲೇ ಅನ್ವಯ, ವ್ಯತ್ಯಾಸದ ಹಣ 3,840 ರೂಪಾಯಿ ಕಟ್ಟಿ ಅಂತ. ಕಟ್ಟಿದೆ. ಖಾತೆ ನನ್ನ ಹೆಸರಿಗೆ ಆಗಬೇಕಿತ್ತು. ಬಾಕಿ ತೋರಿಸುತ್ತಿದ್ದರೆ ಫೈಲು ಅಲ್ಲಾಡುವುದಿಲ್ಲ.

ಆದರೂ ಮನಸ್ಸು ಒಪ್ಪಲಿಲ್ಲ. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಆದೇಶದ ಪ್ರತಿ ತೆಗೆಸಿದೆ. ಹೊಸ ದರ ಈ ವರ್ಷದಿಂದ ಮಾತ್ರ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಹಿಂದಿನ ವರ್ಷದ ಮಾತೇ ಇಲ್ಲ! ಪ್ರತಿ ಹಿಡಿದುಕೊಂಡು ಕೌಂಟರಿಗೆ ಹೋದೆ. ಅಲ್ಲಿದ್ದವರು ನಿಧಾನವಾಗಿ ಓದಿದರು, ಮಡಚಿ ವಾಪಸ್ ಕೊಟ್ಟರು. "ಕಟ್ಟಿದ್ದು ಕಟ್ಟಿದಂಗೇ ಕಣಮ್ಮ. ಈಗ ವಾಪಸ್ ಕೊಟ್ವಿ ಅಂತಿಟ್ಕೊಳಿ, ನಾಳೆ ಸರ್ಕಾರದೋರು ಹಿಂದಿನ ವರ್ಷದಿಂದ್ಲೇ ಅನ್ವಯ ಅಂತ ಕಾನೂನು ಮಾಡುದ್ರೆ?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುವವಳು. ರೈತನ ಪಟ್ಟಿಯಲ್ಲಿ ಹತ್ತು ರೂಪಾಯಿ ಜಾಸ್ತಿ ಹಿಡಿದಿದ್ದರೂ ಮುಂದಿನ ವಾರ ಅವನ ಲೆಕ್ಕಕ್ಕೆ ಜಮಾ ಮಾಡಲೇಬೇಕು. ಜಮಾ ಮಾಡುವ ಬದಲು ಹೋದ ವಾರದ ಕಮಿಷನ್ನನ್ನೇ ಈಗ ಏರಿಸಿದೆವು ಅಂದರೆ ಅವನು ಸುಮ್ನೆ ಇರುತ್ತಾನಾ? ನಮ್ಮ ಬೀದಿಯ ವಕೀಲರೊಬ್ಬರನ್ನು ಕೇಳಿದೆ. ಅವರು ಕೆಲವು ತೀರ್ಪುಗಳ ಪ್ರತಿ ಕೊಟ್ಟರು. ಒಂದು ವಾರ ಬೆಳಗಿನ ರೈಲಿನಲ್ಲಿ ಅದೇ ಓದು.

ಸಂವಿಧಾನದ 265ನೇ ವಿಧಿ ಒಂದೇ ಸಾಲಿನದು. ಕಾನೂನಿನ ಬಲ ಇಲ್ಲದೆ ತೆರಿಗೆ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ. ಕಾನೂನನ್ನು ತಪ್ಪಾಗಿ ತಿಳಿದು ಕಟ್ಟಿದ ತೆರಿಗೆಯನ್ನೂ ಕರಾರು ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ ವಾಪಸ್ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 1958ರಲ್ಲೇ ಹೇಳಿದೆ.

ಆದರೆ ಕೌಂಟರಿನವರ ಪ್ರಶ್ನೆಯಲ್ಲೂ ಹುರುಳಿದೆ. ಗುಜರಾತಿನ ಭರೂಚ್‌ನಲ್ಲಿ ನಗರಸಭೆ ಒಂದು ಹತ್ತಿ ಗಿರಣಿಯ ಜಾಗ, ಕಟ್ಟಡಗಳಿಗೆ ಬಂಡವಾಳ ಮೌಲ್ಯದ, ಅಂದರೆ ಆಸ್ತಿಯ ಒಟ್ಟು ಬೆಲೆಯ, ಲೆಕ್ಕದಲ್ಲಿ ತೆರಿಗೆ ಹಾಕಿತ್ತು. ಆ ಲೆಕ್ಕ ತಪ್ಪು ಅಂತ ಅಹಮದಾಬಾದಿನ ಇನ್ನೊಂದು ಕೇಸಿನಲ್ಲಿ ತೀರ್ಪು ಬಂತು. ಗುಜರಾತ್ ಸರ್ಕಾರ 1963ರಲ್ಲಿ ಹೊಸ ಕಾಯ್ದೆ ತಂದು ಹಳೇ ವಸೂಲಿಯನ್ನೆಲ್ಲ ಸಿಂಧು ಮಾಡಿಬಿಟ್ಟಿತು. ಗಿರಣಿಯವರು ಸುಪ್ರೀಂ ಕೋರ್ಟಿಗೆ ಹೋದರು, 1969ರಲ್ಲಿ ಸೋತರು. ಆದರೆ ಆ ತೀರ್ಪು ಸರ್ಕಾರಕ್ಕೂ ಒಂದು ಗೆರೆ ಎಳೆಯಿತು. ಕೋರ್ಟಿನ ಮಾತು ನಮಗೆ ಅನ್ವಯಿಸುವುದಿಲ್ಲ ಅಂದರೆ ಸಾಲದು. ಕೋರ್ಟು ಕಂಡ ದೋಷವನ್ನು ಕಾನೂನಿನ ಬುಡದಲ್ಲೇ ಸರಿಪಡಿಸಬೇಕು.

ಆ ಗೆರೆ ದಾಟಿದ್ದು ನಮ್ಮದೇ ಸರ್ಕಾರ, ಮೈಸೂರು ರಾಜ್ಯ ಅಂತ ಹೆಸರಿದ್ದ ಕಾಲದಲ್ಲಿ. ಇದನ್ನು ಓದುವಾಗ ಶ್ರೀರಂಗಪಟ್ಟಣ, ಪಾಂಡವಪುರ ದಾಟಿದ್ದೇ ಗೊತ್ತಾಗಲಿಲ್ಲ. ಸಾರಾಯಿ ಮಾರಾಟ ತೆರಿಗೆಯ ಕೇಸು, ಡಿ. ಕಾವಸ್‌ಜಿ ಕಂಪನಿಯದು. ಅಬಕಾರಿ ಸುಂಕ, ಸೆಸ್‌ಗಳನ್ನೂ ಬೆಲೆಗೆ ಸೇರಿಸಿ ಅದರ ಮೇಲೂ ಮಾರಾಟ ತೆರಿಗೆ ಹಾಕಿದ್ದರು. ಅದು ತಪ್ಪು, ವಾಪಸ್ ಕೊಡಿ ಅಂತ ಹೈಕೋರ್ಟ್ ಹೇಳಿತು. ಸರ್ಕಾರ ಕೊಡಲಿಲ್ಲ. ಬದಲಿಗೆ 1969ರಲ್ಲಿ ಕಾನೂನು ತಿದ್ದಿ, ಶೇ 6.5 ಇದ್ದ ದರವನ್ನು ಶೇ 45ಕ್ಕೆ ಏರಿಸಿತು. ಅದೂ 1966ರ ಏಪ್ರಿಲ್ 1ರಿಂದಲೇ ಜಾರಿ ಅಂತ! ಇದರಲ್ಲಿ ದೋಷ ಸರಿಪಡಿಸಿದ್ದು ಏನೂ ಇಲ್ಲ, ವಾಪಸ್ ಕೊಡುವುದನ್ನು ತಪ್ಪಿಸಲೆಂದೇ ಮಾಡಿದ್ದು ಅಂತ ಸುಪ್ರೀಂ ಕೋರ್ಟ್ 1984ರಲ್ಲಿ ಆ ಹಿಂದಿನಿಂದ ಜಾರಿ ಮಾಡಿದ ಭಾಗವನ್ನು ಹೊಡೆದುಹಾಕಿತು. ವ್ಯಾಪಾರ ಸಾರಾಯಿಯದೋ ಬೆಲ್ಲದ್ದೋ, ನ್ಯಾಯ ಒಂದೇ ಅಲ್ವಾ?

ಇದೇ ಕಂಪನಿ ಇನ್ನೊಂದು ಕೇಸಿನಲ್ಲಿ, 1974ರಲ್ಲಿ, ಸೋತಿತ್ತು. ಹಳೇ ವರ್ಷಗಳ ಹಣ ಕೇಳಲು ತಡ ಮಾಡಿದ್ದರು, ಅಷ್ಟೇ ಕಾರಣ. ವಕೀಲರು ಇದನ್ನು ಒತ್ತಿ ಒತ್ತಿ ಹೇಳಿದರು. ತಪ್ಪು ಗೊತ್ತಾದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹಾಕಬೇಕು. ಪಕ್ಕದ ಮನೆಯವರು ಗೆದ್ದ ಮೇಲೆ ನೋಡೋಣ ಅಂತ ಕೂರುವ ಹಾಗಿಲ್ಲ. 1996ರ ಮಫತ್‌ಲಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದೂ ಇದನ್ನೇ: ಬೇರೆಯವರು ಗೆದ್ದರು ಅಂತ, ಮುಗಿದುಹೋದ ನಮ್ಮ ಕೇಸು ಮತ್ತೆ ತೆರೆಯುವುದಿಲ್ಲ. ತೆರಿಗೆಯ ಹೊರೆಯನ್ನು ಬೇರೆಯವರ ಮೇಲೆ ದಾಟಿಸಿದ್ದರೂ ವಾಪಸ್ ಸಿಗುವುದಿಲ್ಲ. ನಾವೇ ವಾಸ ಇರುವ ಮನೆಯ ಕಂದಾಯಕ್ಕೆ ಆ ಮಾತು ಬರುವುದಿಲ್ಲ.

ಬಡ್ಡಿಯ ವಿಷಯ ಮಾತ್ರ ಬೇಜಾರು. 2012ರಲ್ಲಿ ಹಿಂದಿನಿಂದ ಜಾರಿ ಮಾಡಿದ ಆದಾಯ ತೆರಿಗೆಯನ್ನು ಕೇಂದ್ರ 2021ರಲ್ಲಿ ಕೈಬಿಟ್ಟಿತು. ದೊಡ್ಡ ದೊಡ್ಡ ಕಂಪನಿಗಳಿಗೇ ಅಸಲು ಮಾತ್ರ ವಾಪಸ್, ಬಡ್ಡಿ ಇಲ್ಲ. ನಾನು ತಡ ಮಾಡಿದರೆ ತಿಂಗಳ ಲೆಕ್ಕದಲ್ಲಿ ದಂಡ ಹಾಕುತ್ತಾರೆ. ಇದು ಸರಿಯಲ್ಲ.

ಈಗ ನನಗೆ ಅನಿಸುವುದು, ಆ 3,840 ಕಟ್ಟುವಾಗಲೇ "ಆಕ್ಷೇಪಣೆಯೊಂದಿಗೆ ಕಟ್ಟುತ್ತಿದ್ದೇನೆ" ಅಂತ ಒಂದು ಪತ್ರ ಕೊಡಬೇಕಿತ್ತು. ನೀವು ಅಂಥ ಚೀಟಿ ಕಂಡರೆ ಮೊದಲು ಆದೇಶದ ಪ್ರತಿ ಕೇಳಿ, ಯಾವ ತಾರೀಖಿನಿಂದ ಜಾರಿ ಅಂತ ನೋಡಿ.

ಹೋದ ಗುರುವಾರ ಅರ್ಜಿ ಕೊಟ್ಟೆ. ಹಣ ವಾಪಸ್ ಕೊಡಿ, ಇಲ್ಲವಾದರೆ ಮುಂದಿನ ವರ್ಷದ ಕಂದಾಯಕ್ಕೆ ಹೊಂದಿಸಿಕೊಂಡು ಬರಹದಲ್ಲಿ ತಿಳಿಸಿ ಅಂತ. ಸೀಲು ಹಾಕಿಕೊಡಲು ಮೊದಲು ಒಪ್ಪಲಿಲ್ಲ. ಮಧ್ಯಾಹ್ನ ಊಟದ ಹೊತ್ತು ಮುಗಿಯುವವರೆಗೂ ಅಲ್ಲೇ ಬೆಂಚಿನ ಮೇಲೆ ಕೂತೆ. ಎರಡೂವರೆಗೆ ಸೀಲು ಬಿತ್ತು, ತಾರೀಖು ನಾನೇ ಕೇಳಿ ಬರೆಸಿಕೊಂಡೆ. ಮುಂದಿನ ಸೋಮವಾರ ಮಂಡಿಗೆ ರಜೆ ಹಾಕಿದ್ದೇನೆ, ಮತ್ತೆ ಹೋಗುತ್ತೇನೆ.