ಸೊನ್ನೆ ಬಂದ ಮಹಾಪ್ರಬಂಧ

ಆಷಾಢದ ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ, ಹಾನಗಲ್ಲ ಕಡೆಯ ಸಂಶೋಧನಾರ್ಥಿಯೊಬ್ಬಳು ಪೆನ್‌ಡ್ರೈವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಧಾರವಾಡದ ನಮ್ಮ ಗ್ರಂಥಾಲಯಕ್ಕೆ ಬಂದಳು. ಹಾವೇರಿ ಜಿಲ್ಲೆಯ ಬೀಸುವ ಪದಗಳನ್ನು ಕುರಿತ ಅವಳ ಮಹಾಪ್ರಬಂಧ ಮುಗಿದಿತ್ತು. ಬೇರೆಯವರ ಬರಹಗಳೊಂದಿಗೆ ಎಷ್ಟು ಹೋಲುತ್ತದೆ ಎಂದು ತಂತ್ರಾಂಶದಿಂದ ನೋಡುವ ಸಾಮ್ಯ ತಪಾಸಣೆಯ ಪ್ರಮಾಣಪತ್ರವೊಂದು ಸಿಕ್ಕರೆ ಸಲ್ಲಿಸುವುದಷ್ಟೇ ಬಾಕಿ.

ನಾನು ಗ್ರಂಥಪಾಲಕಿಯಾದರೂ ನನ್ನ ಮೇಜಿನ ಮೇಲೆ ಪುಸ್ತಕಗಳಿರುವುದಿಲ್ಲ. ಲೇಖನ ಕಳಿಸಬೇಕೆಂದಿರುವ ಪತ್ರಿಕೆ ಅಸಲಿಯೋ ದುಡ್ಡು ಕೀಳುವ ನಕಲಿಯೋ ಎಂದು ನೋಡುವುದು, ಪ್ರಕಾಶಕರ ಕರಾರಿಗೆ ಸಹಿ ಹಾಕುವ ಮುನ್ನ ಕೃತಿಸ್ವಾಮ್ಯ ಯಾರ ಪಾಲಾಗುತ್ತದೆ ಎಂದು ಓದಿ ಹೇಳುವುದು, ಮಹಾಪ್ರಬಂಧಗಳನ್ನು ತಪಾಸಣೆ ಮಾಡಿ ಶೋಧಗಂಗಾಕ್ಕೆ ಏರಿಸುವುದು, ಇವೇ ನನ್ನ ದಿನನಿತ್ಯದ ಕೆಲಸಗಳು. ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಎಲ್ಲರೂ ಓದಲು ಸಿಗುವಂತೆ ಇಡಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ನಿಯಮ ಮಾಡಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಅದಕ್ಕಾಗಿಯೇ ಇರುವ ಭಂಡಾರ. ಕೃತಿಚೌರ್ಯದ ನಿಯಮಗಳು ಬಂದದ್ದು 2018ರಲ್ಲಿ. ಶೇಕಡಾ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. 10ರಿಂದ 40ರವರೆಗಿದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ.

ಅವಳ ಕಡತವನ್ನು ತಂತ್ರಾಂಶಕ್ಕೆ ಹಾಕಿದೆ. ಫಲಿತಾಂಶ ಸೊನ್ನೆ ಎಂದು ಬಂತು. ಹುಡುಗಿಯ ಮುಖ ಅರಳಿತು, ನನಗೆ ಮಾತ್ರ ಅನುಮಾನ ಹುಟ್ಟಿತು, ಏಕೆಂದರೆ ಇನ್ನೂರೈವತ್ತು ಪುಟಗಳ ಪ್ರಬಂಧದಲ್ಲಿ ಬೇರೆಲ್ಲಿಯೂ ಇಲ್ಲದ ವಾಕ್ಯಗಳೇ ತುಂಬಿರಲು ಸಾಧ್ಯವಿಲ್ಲ. ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಿದೆ. ಹಾಳೆಯ ಮೇಲೆ ಅಂದವಾಗಿ 'ಕನ್ನಡ' ಎಂದಿದ್ದ ಪದ ಅಲ್ಲಿ ಇಂಗ್ಲಿಷಿನ 'ಪಿ', ತಲೆಯ ಮೇಲೆ ಗೀಟು ಹೊತ್ತ 'ಎ', ಪೌಂಡಿನ ಚಿಹ್ನೆ, ಹೀಗೆ ಚೆಲ್ಲಾಪಿಲ್ಲಿಯಾಗಿ ಬಿದ್ದಿತ್ತು. ಪ್ರಬಂಧವನ್ನು ಡಿಟಿಪಿ ಅಂಗಡಿಯಲ್ಲಿ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿಸಿದ್ದರು. ಆ ವಿನ್ಯಾಸದಲ್ಲಿ ಕನ್ನಡದ ಆಕಾರಗಳು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆ. ನಮ್ಮ ಕಣ್ಣಿಗೆ ಕನ್ನಡವಾಗಿರುವುದು ಯಂತ್ರಕ್ಕೆ ಅರ್ಥವಿಲ್ಲದ ಗೀಚು. ಯಂತ್ರವು ಪ್ರಬಂಧವನ್ನು ಓದಿ ಸೊನ್ನೆ ಕೊಟ್ಟಿರಲಿಲ್ಲ, ಓದಲಾರದೆ ಕೊಟ್ಟಿತ್ತು.

ಸುದ್ದಿ ತಿಳಿದು ಅವಳ ಮಾರ್ಗದರ್ಶಕರೇ ಬಂದರು. "ಮೇಡಂ, ಸೊನ್ನೆ ಬಂದೈತಿ, ಇನ್ನೇನ್ ಬೇಕ್ರಿ? ಸಹಿ ಮಾಡಿ ಕೊಡ್ರಿ," ಎಂದರು. ಅವರ ಅವಸರ ನನಗೆ ಅರ್ಥವಾಗದ್ದಲ್ಲ, ಸಲ್ಲಿಕೆಯ ಗಡುವಿಗೆ ಎಂಟೇ ದಿನ ಉಳಿದಿತ್ತು. ಆದರೂ, "ಸರ್, ಇದಕ್ಕ ಸಹಿ ಮಾಡಿದ್ರ ನಾನು ಓದಲಾರದ್ದನ್ನ ಓದೇನಿ ಅಂತ ಬರದಂಗ ಆಕ್ಕೈತ್ರಿ," ಎಂದು ಹೇಳಿ, ನೋಟ್‌ಪ್ಯಾಡಿನ ಪರದೆಯನ್ನು ಅವರ ಕಡೆಗೆ ತಿರುಗಿಸಿದೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು.

ಪರಿವರ್ತಕ ತಂತ್ರಾಂಶದಿಂದ ಇಡೀ ಪಠ್ಯವನ್ನು ಯಂತ್ರವೂ ಕನ್ನಡವೆಂದೇ ಗುರುತಿಸುವ ಯೂನಿಕೋಡ್ ಸಂಕೇತಕ್ಕೆ ತಂದೆವು. ಹೇಳುವಷ್ಟು ಸುಲಭದ ಕೆಲಸವಲ್ಲ ಅದು. ಅರ್ಕಾವೊತ್ತು ಹಳೆಯ ವಿನ್ಯಾಸದಲ್ಲಿ ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲೇ ಬರಬೇಕು. ಆ ಅದಲುಬದಲಿನಲ್ಲಿ 'ಧರ್ಮ', 'ವರ್ಷ'ದಂಥ ಪದಗಳು ಅಲ್ಲಲ್ಲಿ ಮುರಿದು ನಿಂತವು. ಗ್ರಂಥಸೂಚಿಯಲ್ಲಿದ್ದ ಇಂಗ್ಲಿಷ್ ಶೀರ್ಷಿಕೆಗಳನ್ನು ಸಹ ತಂತ್ರಾಂಶವು ಕನ್ನಡವೆಂದೇ ಭಾವಿಸಿ, ಬಾಯಿಂದ ಉಚ್ಚರಿಸಲಾಗದ ಒತ್ತಕ್ಷರಗಳ ರಾಶಿಯನ್ನಾಗಿ ಮಾಡಿತ್ತು. ಅವಳೂ ನಾನೂ ಎರಡು ದಿನ ಕುಳಿತು ತಿದ್ದಿದೆವು. ಇಂಥ ಕೆಲಸ ನನ್ನ ಹುದ್ದೆಯ ಕರ್ತವ್ಯಪಟ್ಟಿಯಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಎರಡನೆಯ ತಪಾಸಣೆಯಲ್ಲಿ ಶೇಕಡಾ 31 ಬಂತು. ಹುಡುಗಿಯ ಕಣ್ಣಲ್ಲಿ ನೀರು ನಿಂತಿತು. ವರದಿಯನ್ನು ಪುಟಪುಟವಾಗಿ ತೆರೆದಾಗ, ಕೆಂಪು ಬಣ್ಣ ಬಳಿದುಕೊಂಡಿದ್ದ ಸಾಲುಗಳಲ್ಲಿ ಬಹುಪಾಲು ಹಾಡುಗಳೇ ಆಗಿದ್ದವು. ಒಂದು ಬೀಸುವ ಪದವಂತೂ ಬೇರೊಂದು ಜಿಲ್ಲೆಯ ಪ್ರಬಂಧದಲ್ಲಿದ್ದ ಹಾಡಿನೊಂದಿಗೆ ಹೆಚ್ಚುಕಡಿಮೆ ಸಾಲುಸಾಲಾಗಿ ಹೊಂದಿಕೊಂಡಿತ್ತು. "ಅದನ್ನ ನಾ ನೋಡೇ ಇಲ್ರಿ ಮೇಡಂ, ಇದು ನಮ್ಮಜ್ಜಿ ಹಾಡಿದ್ದು," ಎಂದು ಅವಳು ಮೊಬೈಲಿನಲ್ಲಿದ್ದ ಧ್ವನಿಮುದ್ರಣವನ್ನು ಕೇಳಿಸಿದಳು. ಕಲ್ಲಿನ ಗರಗರ ಸದ್ದಿನ ನಡುವೆ ಮುದುಕಿಯ ದನಿ ಕೇಳಿಸುತ್ತಿತ್ತು. ಸೊಸೆಯಾಗಿ ಊರಿಂದೂರಿಗೆ ಹೋದ ಹೆಣ್ಣುಮಕ್ಕಳ ಜೊತೆಗೆ ಹಾಡೂ ಹೋಗಿರುತ್ತದೆ ಎಂಬುದು ಯಂತ್ರಕ್ಕೆ ಗೊತ್ತಿಲ್ಲ, ಅದಕ್ಕೆ ಎರಡು ಕಡೆ ಒಂದೇ ಸಾಲು ಕಂಡರೆ ಮುಗಿಯಿತು.

ಮೂಲವನ್ನು ತಿಳಿಸಿ ಉದ್ಧರಿಸಿದ ಭಾಗವನ್ನು ಲೆಕ್ಕದಿಂದ ಬಿಡಬೇಕೆಂದು ನಿಯಮವೇ ಹೇಳುತ್ತದೆ. ಆದರೆ ಇವಳು ಹಾಡುಗಳನ್ನು ಓರೆ ಅಕ್ಷರದಲ್ಲಿ ಹಾಕಿಸಿದ್ದಳೇ ಹೊರತು ಉದ್ಧರಣ ಚಿಹ್ನೆಯನ್ನಾಗಲಿ ಹಾಡಿದವರ ಹೆಸರನ್ನಾಗಲಿ ಕೊಟ್ಟಿರಲಿಲ್ಲ. ಪ್ರತಿ ಹಾಡಿನ ಕೆಳಗೆ ಹಾಡಿದವರ ಹೆಸರು, ಊರು, ಧ್ವನಿ ಮುದ್ರಿಸಿಕೊಂಡ ದಿನಾಂಕ ಸೇರಿಸಲು ಹೇಳಿದೆ. ಪ್ರಬಂಧ ಎಲ್ಲರಿಗೂ ತೆರೆದಿರುತ್ತದೆಯಾದ್ದರಿಂದ ಹೆಸರು ಹಾಕಲು ಅವರ ಒಪ್ಪಿಗೆಯನ್ನೂ ಕೇಳು ಎಂದೆ. ಇಷ್ಟಾದರೂ ಎರಡನೆಯ ಅಧ್ಯಾಯದ ಮೂರು ಪುಟಗಳು ಕೆಂಪಾಗಿಯೇ ಉಳಿದವು. ಅವು ಹಾಡುಗಳಲ್ಲ, ಜಿಲ್ಲೆಯ ಪರಿಚಯದ ಭಾಗ. ಇನ್ನೊಬ್ಬರ ಪ್ರಬಂಧದಿಂದ ಹೆಸರು ಹೇಳದೆ ಎತ್ತಿಕೊಂಡದ್ದು. ಅಜ್ಜಿಯ ಹಾಡಿನ ಪರವಾಗಿ ವಾದಿಸಿದ ನಾನು ಈ ಪುಟಗಳ ವಿಷಯದಲ್ಲಿ ಬಗ್ಗಲಿಲ್ಲ. ಅವಳು ತಲೆ ತಗ್ಗಿಸಿ ಒಪ್ಪಿಕೊಂಡು, ಆ ಮೂರು ಪುಟಗಳನ್ನು ಹೊಸದಾಗಿ ಬರೆದು ತಂದಳು. ಗಡುವಿಗೆ ಒಂದು ದಿನ ಇರುವಾಗ ಪ್ರಮಾಣಪತ್ರಕ್ಕೆ ಸಹಿ ಮಾಡಿದೆ.

ಮರುವಾರ ಮಾರ್ಗದರ್ಶಕರು ಒಬ್ಬರೇ ಬಂದರು. ಕೈಯಲ್ಲಿ ಗೀರುಬಿದ್ದ ಸಿಡಿಯೊಂದಿತ್ತು. "ನನ್ನ ಪ್ರಬಂಧನೂ ನುಡಿಯೊಳಗ ಐತ್ರಿ ಮೇಡಂ, ಇದನ್ನೂ ಯಾರೂ ಹುಡುಕಾಕ ಆಗಂಗಿಲ್ಲಲ್ರಿ?" ಎಂದು ದನಿ ತಗ್ಗಿಸಿ ಕೇಳಿದರು. ಆಗುವುದಿಲ್ಲ ಎಂದೆ. ನನ್ನ ಗಣಕಯಂತ್ರದಲ್ಲಿ ಸಿಡಿ ಹಾಕುವ ಜಾಗವೇ ಇಲ್ಲದ್ದರಿಂದ, ಅಂಥ ಹಳೆಯ ಯಂತ್ರ ಇನ್ನೂ ಉಳಿದಿರುವ ಕೆಳಮಹಡಿಗೆ ಅವರನ್ನು ಕರೆದುಕೊಂಡು ಹೋದೆ.