ಕಳೆದು ಹೋದ್ರೆ ಏನ್ಮಾಡ್ತೀರಾ?

"ಅಷ್ಟು ದುಡ್ಡು ಕೊಟ್ಟಿರೋ ಜಪಾನಿ ಇಂಕ್ ಪೆನ್ನನ್ನ ದಿನಾ ಜೇಬಲ್ಲಿ ಇಟ್ಕೊಂಡು ಓಡಾಡ್ತೀರಲ್ಲ ಸಾರ್, ಎಲ್ಲಾದ್ರೂ ಕಳೆದು ಹೋದ್ರೆ?"

ಕಳೆದು ಹೋದರೆ ಕಳೆದು ಹೋಗುತ್ತದೆ. ಎರಡು ದಿನ ಊಟ ಸೇರುವುದಿಲ್ಲ. ಆಮೇಲೆ ದುಡ್ಡು ಕೂಡಿಟ್ಟು ಇನ್ನೊಂದು ತಗೊಳ್ಳುತ್ತೇನೆ. ಉತ್ತರ ಮುಗಿಯಿತು.

ಮುಗಿಯುವುದಿಲ್ಲ ಅಂತ ನನಗೂ ಗೊತ್ತು. ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ಇದೇ ಪ್ರಶ್ನೆ. ಮೊದಲು ಪೆನ್ನು ನೋಡುತ್ತಾರೆ. ಆಮೇಲೆ ಬೆಲೆ ಕೇಳುತ್ತಾರೆ. ಬೆಲೆ ಗೊತ್ತಾದ ಮೇಲೆ ಪೆನ್ನು ನೋಡುವುದೇ ಇಲ್ಲ, ನನ್ನ ಮುಖ ನೋಡುತ್ತಾರೆ. ಕೇಳುವವರ ಕೈಯಲ್ಲಿ ನನ್ನ ಪೆನ್ನಿಗಿಂತ ಜಾಸ್ತಿ ಬೆಲೆಯ ಫೋನು ಇರುತ್ತದೆ. ಅದನ್ನು ಹಿಂದಿನ ಜೇಬಿಗೆ ಅರ್ಧ ಹೊರಗೆ ಇಣುಕುವ ಹಾಗೆ ತುರುಕಿಕೊಂಡು ಸಿಟಿ ಬಸ್ ಹತ್ತುತ್ತಾರೆ. ನಾನು ಅವರನ್ನು ಏನಾದರೂ ಕೇಳಿದ್ದೇನಾ?

ಇನ್ನು ಕೆಲವರದು ಬುದ್ಧಿವಾದ. "ಮನೇಲಿ ಇಟ್ಟು, ಸಹಿ ಹಾಕೋಕೆ ಮಾತ್ರ ತೆಗೀರಿ ಸಾರ್." ನಾನೇನು ಜಿಲ್ಲಾಧಿಕಾರಿಯಾ? ಪಿಯು ಕಾಲೇಜಿನ ಮೇಷ್ಟ್ರು. ನನ್ನ ಸಹಿಗೆ ಕಾಯುತ್ತಾ ಕೂತವರು ಯಾರೂ ಇಲ್ಲ. ಬರೆಯುವ ಕೆಲಸ ಮಾತ್ರ ಬೇಕಾದಷ್ಟಿದೆ.

ಜೇಬಿನಲ್ಲಿ ಇಡಬೇಡಿ ಅನ್ನುವವರಿಗೆ ಆ ಪೆನ್ನು ಮಾಡಿದ್ದೇ ಜೇಬಿಗೆ ಅಂತ ಹೇಗೆ ಹೇಳಲಿ? ನನ್ನದು ಪೈಲಟ್ ಕಂಪನಿಯ ಕ್ಯಾಪ್‌ಲೆಸ್. ಮೊದಲು ಬಂದಿದ್ದು 1963ರಲ್ಲಿ. ಇದಕ್ಕೆ ಮುಚ್ಚಳವೇ ಇಲ್ಲ. ಆಗ ತಿರುಗಿಸಿದರೆ ನಿಬ್ಬು ಹೊರಗೆ ಬರುತ್ತಿತ್ತು, ಮರುವರ್ಷ ಬಾಲ್ ಪೆನ್ನಿನ ಥರ ಹಿಂದೆ ಒತ್ತುವ ಮಾದರಿ ಬಂತು. ನಿಬ್ಬು ಒಳಗೆ ಹೋದ ತಕ್ಷಣ ತುದಿಯಲ್ಲೊಂದು ಪುಟ್ಟ ಬಾಗಿಲು ಮುಚ್ಚಿಕೊಳ್ಳುತ್ತದೆ, ಹಾಗಾಗಿ ಇಂಕು ಬೇಗ ಒಣಗುವುದಿಲ್ಲ. ಕ್ಲಿಪ್ಪು ಇರುವುದು ನಿಬ್ಬಿನ ಕಡೆಗೆ. ನೋಡಿದವರೆಲ್ಲ ಉಲ್ಟಾ ಅನ್ನುತ್ತಾರೆ. ಜೇಬಿಗೆ ಸಿಕ್ಕಿಸಿದಾಗ ಗೊತ್ತಾಗುತ್ತದೆ: ನಿಬ್ಬು ಮೇಲೆ, ಇಂಕು ಕೆಳಗೆ, ಶರ್ಟು ಕ್ಷೇಮ. ಒಂದು ಕೈಯಲ್ಲಿ ಪುಸ್ತಕ ಹಿಡಿದು ನಿಂತಲ್ಲೇ ಬರೆಯಬೇಕಾದವನಿಗೆ ಇದಕ್ಕಿಂತ ಇನ್ನೇನು ಬೇಕು? ಇದನ್ನು ಬೀರುವಿನಲ್ಲಿ ಇಡಬೇಕಂತೆ.

ಉತ್ತರಪತ್ರಿಕೆ ತಿದ್ದುವುದಕ್ಕೆ ಬೇರೆಯದೇ ಇದೆ, ಪ್ಲಾಟಿನಂ ಕಂಪನಿಯ ಪ್ರೆಪ್ಪಿ, ಕೆಂಪು ಇಂಕು. ಅಗ್ಗದ ಪ್ಲಾಸ್ಟಿಕ್ ಪೆನ್ನು. ಆದರೆ ಮುಚ್ಚಳದೊಳಗೆ ಸ್ಪ್ರಿಂಗಿನ ಮೇಲೆ ಕೂತ ಇನ್ನೊಂದು ಒಳಮುಚ್ಚಳ ಇದೆ. ಅದು ನಿಬ್ಬಿನ ಸುತ್ತ ಗಾಳಿಯಾಡದ ಹಾಗೆ ಒತ್ತಿ ಕೂರುತ್ತದೆ. ಅದೇ ಉಪಾಯ ಅವರ ದುಬಾರಿ 3776 ಸೆಂಚುರಿಯಲ್ಲೂ ಇದೆ. (3776 ಅಂದರೆ ಫ್ಯೂಜಿ ಪರ್ವತದ ಎತ್ತರ, ಮೀಟರಿನಲ್ಲಿ. ಬೆಲೆ ಅಲ್ಲ.) 2011ರಲ್ಲಿ ಬಂದ ಆ ಪೆನ್ನು ಎರಡು ವರ್ಷ ಮುಟ್ಟದೆ ಇಟ್ಟರೂ ಒಣಗುವುದಿಲ್ಲ ಅಂತ ಕಂಪನಿ ಹೇಳುತ್ತದೆ. ಎರಡು ವರ್ಷ ಪೆನ್ನು ಮುಟ್ಟದೆ ಇರುವಷ್ಟು ತಾಳ್ಮೆ ನನಗಿಲ್ಲ. ಬೇಸಿಗೆ ರಜೆ ಮುಗಿಸಿ ಬಂದಾಗ ನನ್ನ ಪ್ರೆಪ್ಪಿ ಮೊದಲ ಗೆರೆಯಲ್ಲೇ ಬರೆಯುತ್ತದೆ, ನನಗೆ ಅಷ್ಟು ಸಾಕು.

ಈ 'ಕಳೆದು ಹೋದ್ರೆ' ಮಾತು ಕೇಳಿದರೆ ಮೈ ಉರಿಯುವುದಕ್ಕೆ ಒಂದು ಮದುವೆ ಕಾರಣ.

ಹಾಸನದ ಕಡೆಯ ಛತ್ರ. ನಮ್ಮ ದೊಡ್ಡಪ್ಪನ ಮಗನ ಮದುವೆ. ಧಾರೆ ಆಗಿ ಜನ ಮುಯ್ಯಿ ಕೊಡಲು ಸಾಲು ನಿಂತಿದ್ದರು. ಮೇಜಿನ ಹಿಂದೆ ನಮ್ಮ ಸೋದರಮಾವ ಉದ್ದದ ಲೆಕ್ಕದ ಪುಸ್ತಕ ತೆರೆದು ಕೂತಿದ್ದರು. ಇಂಥ ಊರು, ಇಂಥವರು, 501. ಇಂಥ ಊರು, ಇಂಥವರು, 201. ಅಷ್ಟರಲ್ಲಿ ಅವರ ಬಾಲ್ ಪೆನ್ನು ಕೈಕೊಟ್ಟಿತು. ಕಣ್ಣು ನನ್ನ ಜೇಬಿನ ಮೇಲೆ ಬಿತ್ತು.

"ಲೋ, ಪೆನ್ ಕೊಡೋ ಇಲ್ಲಿ."

ಮದುವೆ ಮನೆಯಲ್ಲಿ ಸೋದರಮಾವನಿಗೆ ಇಲ್ಲ ಅನ್ನುವುದು ಹೇಗೆ? ಕೊಟ್ಟೆ. ಮಾವ ಮೊದಲು ಮುಚ್ಚಳ ಎಳೆದರು. ಬರಲಿಲ್ಲ. ತಿರುಗಿಸಿದರು. "ಹಿಂದ್ಗಡೆ ಒತ್ತಿ ಮಾವ" ಅಂದೆ. ಕ್ಲಿಪ್ಪು ಇದ್ದ ಕಡೆಯೇ ಹಿಂಭಾಗ ಅಂದುಕೊಂಡು ಅಲ್ಲಿ ಹೆಬ್ಬೆರಳು ಒತ್ತಿದರು. ನಾನೇ ಒತ್ತಿ ಕೊಟ್ಟೆ. ನಿಬ್ಬು ಹೊರಗೆ ಬಂತು. ಮಾವ ಪೆನ್ನನ್ನು ನೆಟ್ಟಗೆ ನಿಲ್ಲಿಸಿ, ನಿಬ್ಬನ್ನು ಪಕ್ಕಕ್ಕೆ ಹೊರಳಿಸಿ, ಗುದ್ದಲಿ ಹಿಡಿದವರ ಹಾಗೆ ಕಾಗದಕ್ಕೆ ಒತ್ತಿದರು. ಗೆರೆ ಬೀಳಲಿಲ್ಲ. ಆಗ ಮಾಡಬಾರದ ಕೆಲಸ ಮಾಡಿದರು. ಕೊಡವಿದರು.

ಪಕ್ಕದಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಬಿಳಿ ಪಂಚೆ ಉಟ್ಟು ಕೂತಿದ್ದರು. ಪಂಚೆಯ ಮೇಲೆ ಮೂರು ಹನಿ, ಸಾಲಾಗಿ, ನೀಲಿ.

ಮಾವ ಅವರ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿ "ಎಷ್ಟೋ ಇದಕ್ಕೆ?" ಅಂದರು. ಎದುರಿಗೆ ಜನ ಇದ್ದರು, ಅರ್ಧ ಬೆಲೆ ಹೇಳಿದೆ. ಅರ್ಧ ಬೆಲೆಗೇ ಸಾಲಿನಲ್ಲಿದ್ದವರೆಲ್ಲ ಬಾಯಿ ಮೇಲೆ ಕೈಯಿಟ್ಟರು. "ಅಯ್ಯೋ, ಕಳೆದೋದ್ರೆ?" ಅಂತ ಒಬ್ಬರು. ಆ ದುಡ್ಡಿಗೆ ಎಷ್ಟು ಮೂಟೆ ಅಕ್ಕಿ ಬರುತ್ತದೆ ಅಂತ ಇನ್ನೊಬ್ಬರು. ಮುಯ್ಯಿ ನಿಂತೇ ಹೋಯಿತು. ಪೆನ್ನು ಈಗಷ್ಟೇ ಹಾಳಾಗುವುದರಲ್ಲಿತ್ತು, ಅದು ಯಾರಿಗೂ ಬೇಕಿರಲಿಲ್ಲ. ಮುಂದೆ ಯಾವತ್ತೋ ಕಳೆಯುವ ಚಿಂತೆ ಎಲ್ಲರಿಗೂ.

ಅವತ್ತಿನಿಂದ ಜೇಬಿನಲ್ಲಿ ಒಂದು ಬಾಲ್ ಪೆನ್ನೂ ಇರುತ್ತದೆ. ಅದು ನನಗಲ್ಲ, ಕೇಳಿದವರಿಗೆ.

ಆದರೆ ಆ ಗಲಾಟೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಒಬ್ಬರಿದ್ದರು. ಪಂಚೆ ಹಾಳಾದವರೇ. ಸದ್ದಿಲ್ಲದೆ ಪೆನ್ನು ತಗೊಂಡರು, ನಿಬ್ಬನ್ನು ಸರಿಯಾಗಿ ಮೇಲ್ಮುಖ ಮಾಡಿ ಹಿಡಿದರು, ಮುಯ್ಯಿ ಪುಸ್ತಕದ ಅಂಚಿನಲ್ಲಿ ತಮ್ಮ ಊರಿನ ಹೆಸರು ಬರೆದರು. "ಮೇಷ್ಟ್ರೇ, ಇಂಕ್ ಪೆನ್ನಲ್ಲಿ ಇಷ್ಟು ಸಣ್ಣ ಗೆರೆ ಹೆಂಗೆ ಬರುತ್ತೆ?" ಅಂದರು. ನಿವೃತ್ತ ಗ್ರಾಮ ಲೆಕ್ಕಿಗರಂತೆ. ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋಗುವ ಮುಂಚೆ ಅದನ್ನು ಕೈಯಲ್ಲಿ ಬರೆದವರು. ಸರ್ವೆ ನಂಬರು, ಎಕರೆ, ಗುಂಟೆ, ಖಾತೆದಾರನ ಹೆಸರು, ಬೆಳೆ, ಎಲ್ಲವನ್ನೂ ಬೆರಳಗಲದ ಕಾಲಮ್ಮುಗಳಲ್ಲಿ ತುಂಬಿದ ಕೈ ಅದು. ಅವರಿಗೆ ಗೆರೆಯ ಬೆಲೆ ಗೊತ್ತು.

ಎಲ್ಲರೂ ಇದನ್ನೇ ಕೇಳಬಾರದಾ? ನನ್ನ ಹತ್ತಿರ ಇದಕ್ಕೆ ಒಳ್ಳೆಯ ಉತ್ತರ ಇದೆ.

ಜಪಾನಿನವರು ಬರೆಯುವ ಕಾಂಜಿ ಅಕ್ಷರಗಳಲ್ಲಿ ಒಂದು ಪುಟ್ಟ ಚೌಕದೊಳಗೆ ಹತ್ತು, ಹದಿನೈದು ಗೆರೆ ತುಂಬಬೇಕು. 29 ಗೆರೆಯ ಅಕ್ಷರವೂ ಬಳಕೆಯಲ್ಲಿದೆ. ದಪ್ಪ ನಿಬ್ಬಿನಲ್ಲಿ ಬರೆದರೆ ಅದು ಅಕ್ಷರ ಅಲ್ಲ, ಮಸಿಯ ಮುದ್ದೆ. ಅದಕ್ಕೇ ಅಲ್ಲಿಯ ಫೈನ್ (ಸಣ್ಣ ಗೆರೆಯ) ನಿಬ್ಬು ಯುರೋಪಿನವರ ಎಕ್ಸ್‌ಟ್ರಾ ಫೈನಿನಷ್ಟು ಸಣ್ಣ. ದೊಡ್ಡ ಕಂಪನಿಗಳು ಮೂರು. ಕುರೆ ಅನ್ನುವ ಬಂದರು ಊರಿನಲ್ಲಿ 1911ರಲ್ಲಿ ಶುರುವಾದ ಸೈಲರ್, 1918ರ ಪೈಲಟ್, 1919ರ ಪ್ಲಾಟಿನಂ. ಪೈಲಟ್ ಕಟ್ಟಿದ ರ್ಯೋಸುಕೆ ನಮಿಕಿ ಹಡಗಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ನಕ್ಷೆ ಎಳೆಯುವ ಪೆನ್ನಿಗೆ ಮತ್ತೆ ಮತ್ತೆ ಇಂಕು ಅದ್ದಿ ಅದ್ದಿ ಸಾಕಾಗಿ ಸುಧಾರಿಸಿದ ಪೆನ್ನು ಮಾಡಹೊರಟರು. ಮೇಷ್ಟ್ರುಗಳಿಗೆ ಪೆನ್ನಿನ ಹುಚ್ಚು ಯಾಕೆ ಅನ್ನುವವರು ಇದನ್ನು ಗಮನಿಸಬೇಕು.

ಇದರಿಂದ ಕನ್ನಡ ಬರೆಯುವವರಿಗೆ ಏನು ಲಾಭ? ಬೇಕಾದಷ್ಟಿದೆ. 'ಪಾಠ' ಅಂತ ದಪ್ಪ ನಿಬ್ಬಿನಲ್ಲಿ ಸಣ್ಣದಾಗಿ ಬರೆದು ನೋಡಿ. ಠ ಒಳಗಿನ ಚುಕ್ಕೆ ಗೋಡೆಗೆ ಅಂಟಿಕೊಂಡು 'ಪಾರ' ಆಗುತ್ತದೆ. ಥ ಮತ್ತು ಧ ಒಂದೇ ಆಗುತ್ತವೆ. 'ರಾಷ್ಟ್ರ', 'ಲಕ್ಷ್ಮಿ' ಬರೆದರೆ ಒತ್ತಿನ ಕೆಳಗೆ ಒತ್ತು ಇಳಿದು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಸಣ್ಣ ಗೆರೆ ಇದ್ದರೆ ಎಲ್ಲಕ್ಕೂ ಜಾಗ ಸಿಗುತ್ತದೆ.

ಹಾಗಂತ ತೀರಾ ಸಣ್ಣದಕ್ಕೆ ಹೋಗಬೇಡಿ. ನಮ್ಮದು ಸುತ್ತುವ ಅಕ್ಷರ. ನಿಬ್ಬು ಮೇಲಕ್ಕೂ ಎಡಕ್ಕೂ ತಳ್ಳಿಕೊಂಡು ಹೋಗಬೇಕು. ಎಕ್ಸ್‌ಟ್ರಾ ಫೈನ್ ಆದರೆ ಮೇಲೆ ಹೋಗುವಾಗ ಕಾಗದ ಕೆರೆಯುತ್ತದೆ, ಅಗ್ಗದ ನೋಟ್‌ಬುಕ್ಕಿನ ನಾರು ನಿಬ್ಬಿನ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ನನ್ನ ಕೇಳಿದರೆ ಪೈಲಟ್ಟಿನ ಫೈನ್, ಇಲ್ಲವೇ ಸೈಲರಿನ ಮೀಡಿಯಂ ಫೈನ್, ಅಂದರೆ ಫೈನಿಗೂ ಮೀಡಿಯಮ್ಮಿಗೂ ನಡುವಿನದು. ಸೈಲರ್ ನಿಬ್ಬು ಪೆನ್ಸಿಲಿನ ಥರ ಸ್ವಲ್ಪ ಸದ್ದು ಮಾಡುತ್ತಾ ಬರೆಯುತ್ತದೆ. ಕೆಲವರಿಗೆ ಕಿರಿಕಿರಿ, ನನಗೆ ಇಷ್ಟ. ಮಲೆನಾಡಿನ ಕಡೆಯವರು ಮಾತ್ರ ಇಂಕಿನ ಬಗ್ಗೆ ಯೋಚನೆ ಮಾಡಿ. ಮಳೆಗಾಲದಲ್ಲಿ ಸಾಮಾನ್ಯ ಇಂಕಿನಲ್ಲಿ ವಿಳಾಸ ಬರೆದರೆ ಊರು ತಲುಪುವಷ್ಟರಲ್ಲಿ ಊರಿನ ಹೆಸರೇ ಇರುವುದಿಲ್ಲ. ಪ್ಲಾಟಿನಂ ಕಾರ್ಬನ್ ಬ್ಲ್ಯಾಕ್, ಸೈಲರಿನ ಕಿವಗುರೊ, ಇಂಥ ಪಿಗ್ಮೆಂಟ್ ಇಂಕು (ಬಣ್ಣ ಕರಗದೆ ಸಣ್ಣ ಕಣಗಳಾಗಿ ಇರುವಂಥದ್ದು) ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಪಂಚೆ ಮೇಲೆ ಬಿದ್ದಿದ್ದು ಪುಣ್ಯಕ್ಕೆ ಅದಲ್ಲ.

ದುಡ್ಡಿನದೇ ಭಯ ಇದ್ದರೆ ಪೈಲಟ್ ಕಾಕುನೊ ತಗೊಳ್ಳಿ. 2013ರಲ್ಲಿ ಮಕ್ಕಳಿಗಂತ ಮಾಡಿದ್ದು. ಬೆರಳು ಸರಿಯಾಗಿ ಕೂರಲಿ ಅಂತ ಹಿಡಿಯುವ ಜಾಗ ತ್ರಿಕೋನ. ನಿಬ್ಬಿನ ಮೇಲೆ ನಗುವ ಮುಖ ಕೊರೆದಿದ್ದಾರೆ. ಆ ಮುಖ ನಿಮಗೆ ಕಾಣುತ್ತಿದ್ದರೆ ಪೆನ್ನು ಸರಿಯಾಗಿ ಹಿಡಿದಿದ್ದೀರಿ ಅಂತ ಲೆಕ್ಕ. ಕ್ಲಿಪ್ಪು ಇಲ್ಲ, ಹಾಗಾಗಿ ಜೇಬಿಗಿಂತ ಬ್ಯಾಗಿಗೆ ವಾಸಿ. ನಮ್ಮ ಮಾವನಿಗೂ ಒಂದು ಕೊಡಿಸಿದ್ದೇನೆ.

ಪೆನ್ನಿನೊಳಗೆ ಕೂರಿಸುವ ಇಂಕಿನ ಪುಟ್ಟ ಕೊಳವೆಗೆ ಕಾರ್ಟ್ರಿಜ್ ಅಂತಾರೆ. ಮೂರು ಕಂಪನಿಯ ಕಾರ್ಟ್ರಿಜ್‌ಗಳೂ ಬೇರೆ ಬೇರೆ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ, ನಮ್ಮ ಊರಿನಲ್ಲಿ ಯಾವುದೂ ಸಿಗುವುದಿಲ್ಲ. ಖಾಲಿಯಾದದ್ದನ್ನು ಎಸೆಯಬೇಡಿ. ತೊಳೆದು, ಸಿರಿಂಜಿನಲ್ಲಿ ಬಾಟಲಿ ಇಂಕು ತುಂಬಿಸಿ. ಮೆಡಿಕಲ್ ಸ್ಟೋರಿನವರು "ಯಾರಿಗೆ ಶುಗರ್ರು ಸಾರ್?" ಅಂತ ಕೇಳುತ್ತಾರೆ. ಪೆನ್ನಿಗೆ ಅನ್ನಿ. ಅವರು ಇನ್ನೇನೂ ಕೇಳದೆ ಚಿಲ್ಲರೆ ಕೊಡುತ್ತಾರೆ.