ಮಾರ್ಚ್‌ನಲ್ಲಿ ಬಂಡೀಪುರ: ಬೋಳು ಕಾಡು ನೋಡೋಕೆ ಹೋಗೋರಿಗೆ

ಹೋದ ಸಲ ಸೆಪ್ಟೆಂಬರ್‌ನಲ್ಲಿ ಹೋಗಿ ಎರಡೂ ಕಡೆ ಬರೀ ಹಸಿರು ಗೋಡೆ ನೋಡ್ಕೊಂಡು ಬಂದಿದ್ವಿ, ಅದಕ್ಕೆ ಈ ಸಲ ಮಾರ್ಚ್‌ನಲ್ಲಿ ಹೊರಟ್ವಿ. "ಎಲೆನೇ ಇಲ್ದಿರೋ ಕಾಡಲ್ಲಿ ಏನ್ ನೋಡ್ತೀರೋ" ಅಂತ ಮನೇಲಿ ನಗಾಡಿದ್ರು. ಆದ್ರೆ ಮರ ಗುರುತು ಹಿಡಿಯೋದು ಕಲೀಬೇಕಂದ್ರೆ ಇದೇ ಟೈಮು, ಎಲೆ ಇಲ್ಲಾಂದ್ರೆ ತೊಗಟೆ ನೋಡ್ಲೇಬೇಕಲ್ವಾ.

ಮೈಸೂರಿಂದ ನಂಜನಗೂಡು, ಗುಂಡ್ಲುಪೇಟೆ ಮೇಲೆ ಸುಮಾರು 80 ಕಿ.ಮೀ. ಸಫಾರಿ ನಡೀತಿದ್ಯಾ ಅಂತ ಮೊದ್ಲೇ ವಿಚಾರಿಸ್ಕೊಳಿ. ಕಾಡೊಳಗಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಅದನ್ನ ಮರೀಬೇಡಿ.

ಡ್ರೈವರ್‌ಗೆ "ಹುಲಿ ಸಿಗ್ದಿದ್ರೂ ಪರ್ವಾಗಿಲ್ಲ, ಮರ ತೋರ್ಸಿ" ಅಂದಿದ್ದೆ, ಪಾಪ ಯಾರೂ ಹಾಗೆ ಕೇಳಲ್ಲ ಅನ್ಸತ್ತೆ, ಖುಷಿಯಾಗ್ಬಿಟ್ರು. ಮತ್ತಿ ಮರದ ತೊಗಟೆ ಥೇಟ್ ಮೊಸಳೆ ಬೆನ್ನು, ಚೌಕಚೌಕವಾಗಿ ಬಿರಿದಿರತ್ತೆ. ಪಕ್ಕದಲ್ಲೇ ದಿಂಡಿಗ, ನುಣ್ಣಗೆ ಬೂದು ಬಳ್ದಂಗೆ. ತೇಗದೆಲೆ ನೆಲದ ತುಂಬಾ, ಜಿಂಕೆ ಕಾಲಿಟ್ರೂ ಹಪ್ಪಳ ಮುರಿದ ಸದ್ದು. ಮಳೆಗಾಲ ಮುಗಿದು ಮಣ್ಣು ಒಣಗ್ತಾ ಬಂದಂಗೆ ಎಲೆ ಇಟ್ಕೊಂಡ್ರೆ ಇರೋ ನೀರೂ ಆವಿಯಾಗಿ ಹೋಗತ್ತೆ, ಅದಕ್ಕೇ ಈ ಮರಗಳು ಎಲೆನೇ ಕಳಚಿ ಕೂತಿರ್ತವೆ, ಏಪ್ರಿಲ್-ಮೇನಲ್ಲಿ ಎರಡು ಒಳ್ಳೆ ಮಳೆ ಬಿದ್ರೆ ಚಿತ್ರನೇ ಬೇರೆ.

ಮುತ್ತುಗ ಮಾತ್ರ ಎಲೆ ಉದುರಿಸಿ ಮೈತುಂಬಾ ಕೇಸರಿ ಹೂ ಬಿಟ್ಟಿರತ್ತೆ. ಸಫಾರಿಲಿ ಕೆಳಗಿಳಿಯೋಹಾಗಿಲ್ಲ, ಗುಂಡ್ಲುಪೇಟೆ ಕಡೆ ಹೊಲದ ಬದೀಲಿ ಬಿದ್ದಿರೋ ಹೂ ಎತ್ಕೊಂಡು ನೋಡಿ, ಗಿಳಿ ಕೊಕ್ಕಿನಂಗೆ ಬಗ್ಗಿರೋ ಎಸಳು, ತೊಟ್ಟಿನ ಹತ್ರ ಕಪ್ಪು ಮಖಮಲ್ಲು.

ರಸ್ತೆ ಪಕ್ಕ ಪಟ್ಟಿ ಪಟ್ಟಿ ಸುಟ್ಟಿರೋದು ಕಂಡ್ರೆ ಗಾಬರಿ ಆಗ್ಬೇಡಿ, ಕಾಳ್ಗಿಚ್ಚು ದಾಟ್ಬಾರ್ದು ಅಂತ ಇಲಾಖೆಯವ್ರೇ ಮೊದ್ಲೇ ಸುಟ್ಟಿರೋ ಬೆಂಕಿ ರೇಖೆ. 2019ರ ಫೆಬ್ರವರಿಲಿ ಇಲ್ಲಿ ಬೆಂಕಿ ಎಷ್ಟು ಕಾಡು ತಿಂತು ಅಂತ ನೆನಪಿರೋರು ಬೀಡಿ ಸಿಗರೇಟು ಜೇಬಿಂದ ತೆಗಿಯಲ್ಲ.

ಮಾರ್ಚ್ ಅಲ್ವಾ ಅಂತ ಜಾಕೆಟ್ ರೂಮಲ್ಲೇ ಬಿಟ್ಟು ಬೆಳಿಗ್ಗೆ ಜೀಪಲ್ಲಿ ಗಡಗಡ ನಡುಗ್ದೆ, 11 ಗಂಟೆಗೆ ನೆತ್ತಿ ಸುಡ್ತಿತ್ತು. ನೀರು ಜಾಸ್ತಿ ಇಟ್ಕೊಳಿ, ಧೂಳಿಗೆ ಒಂದು ಕರ್ಚೀಫು.

ಟೈಮಿದ್ರೆ ಗೋಪಾಲಸ್ವಾಮಿ ಬೆಟ್ಟಕ್ಕೂ ಹೋಗಿ. ಸ್ವಂತ ಗಾಡಿ ಬಿಡಲ್ಲ, ಕೆಳಗಿಂದ ಸರ್ಕಾರಿ ಬಸ್ಸು. ಕೆಳಗೆಲ್ಲಾ ಒಣಕಲು, 1,454 ಮೀಟರ್ ಮೇಲೆ ಮಂಜು ತಡ್ಕೊಂಡು ಕಣಿವೆ ಮಡಿಕೆಲಿ ಹಸಿರಾಗೇ ಕೂತಿರೋ ಶೋಲಾ, ಅಂದ್ರೆ ಎತ್ತರದ ಬೆಟ್ಟದ ಕುಳ್ಳ ನಿತ್ಯಹಸಿರು ಕಾಡು. ಅಲ್ಲಿಗಾದ್ರೂ ಜಾಕೆಟ್ ತಗೊಂಡ್ಹೋಗಿ, ಗಾಳಿ ಹೊತ್ಕೊಂಡ್ಹೋಗತ್ತೆ.